ಅ, ಬ, ಕ, ಡ

2026ರ ಜನವರಿ 15, ಕರಿ. ಸಂಕ್ರಾಂತಿಯ ಮರುದಿನ. ಆ ದಿನ ನಮ್ಮ ಕಡೆ ಹೊಸ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಮರಾಠಿ ಮನೆಗಳಲ್ಲೂ ಅದು ಕಿಂಕ್ರಾಂತ, ಅವರೂ ಹಾಕುವುದಿಲ್ಲ. ಮಹಾರಾಷ್ಟ್ರದ 29 ಮಹಾನಗರಪಾಲಿಕೆಗಳಿಗೆ ಓಟು ಬಿದ್ದದ್ದು ಸರಿಯಾಗಿ ಆ ದಿನವೇ. ಸಾಂಗ್ಲಿ-ಮಿರಜ-ಕುಪವಾಡ ಅದರಲ್ಲೊಂದು.

ಮಿರಜಿನ ಶಾಲೆಯೊಂದರ ಕೋಣೆಯಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದಳು. ಸೆರಗಿನ ತುದಿಗೆ ಕುಸುರೆಳ್ಳಿನ ಪುಟ್ಟ ಗಂಟು. ಮರೆಯ ಹಿಂದೆ ಹೋದಳು, ಒಂದು ಬಟನ್ ಒತ್ತಿದಳು, ಹೊರಗೆ ಬಂದು ಚಪ್ಪಲಿ ಹುಡುಕತೊಡಗಿದಳು. ಮಷೀನು ಮಾತ್ರ ಸುಮ್ಮನಿತ್ತು. ಮೇಜಿನ ಹಿಂದಿನ ಅಧಿಕಾರಿ ಕೂಗಿದರು: "ಆಜಿ, ಅಜೂನ ತೀನ ಆಹೇತ." ಅಜ್ಜಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಇನ್ನೂ ಮೂರಾ? ಒಂದ ಸಾಲಂಗಿಲ್ಲೇನ?"

ಸಾಲುವುದಿಲ್ಲ. ನಮ್ಮಲ್ಲಿ ಒಂದು ಪ್ರಭಾಗಕ್ಕೆ, ಅಂದರೆ ದೊಡ್ಡ ವಾರ್ಡಿಗೆ, ನಾಲ್ಕು ಜನ ನಗರಸೇವಕರು. ಸ್ಥಾನಗಳ ಹೆಸರು ಅ, ಬ, ಕ, ಡ. ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದವರಿಗೆ ಈ ಸಾಲು ವಿಚಿತ್ರ, ಆದರೆ ಮರಾಠಿಯಲ್ಲಿ ಎ-ಬಿ-ಸಿ-ಡಿಗೆ ಅದೇ ಸಮ. ಅ ಬಿಳಿ ಕಾಗದ, ಬ ಗುಲಾಬಿ, ಕ ಹಳದಿ, ಡ ನೀಲಿ. ನಾಲ್ಕೂ ಮುಗಿದ ಮೇಲೆಯೇ ಮಷೀನು ಕೂಗುವುದು. ಮನಸ್ಸಿಲ್ಲದವರಿಗೆ ಪ್ರತಿ ಬಣ್ಣದ ಕೆಳಗೂ ನೋಟಾ ಉಂಟು.

ಈ ಪ್ರಸಂಗವನ್ನು ಬೆಳಗಾವಿಯ ಗೆಳೆಯರ ಮುಂದೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ಸಿಟ್ಟಾದರು. ಅದೇ ವಾರ ಮಿರಜಿನಲ್ಲಿ ಚಹಾದ ಅಂಗಡಿ ಮುಂದೆ ಹೇಳಿದೆ. ಅಲ್ಲಿ ಬೇರೆ ಕಾರಣಕ್ಕೆ ಸಿಟ್ಟು. ಎರಡೂ ಕಡೆ ಬೈಸಿಕೊಂಡ ಮೇಲೆ ಉತ್ತರ ಬರೆಯದೆ ಕೂರುವುದು ಕಷ್ಟ.

ಬೆಳಗಾವಿಯವರ ಮಾತು ಮೊದಲು. "ಮಿರಜಿನ ಕನ್ನಡದವರಿಗೆ ಬೆನ್ನೆಲುಬಿಲ್ಲ. ನಮ್ಮೂರಲ್ಲಿ ಮರಾಠಿಯವರು ಮಹಾರಾಷ್ಟ್ರ ಏಕೀಕರಣ ಸಮಿತಿ ಕಟ್ಟಿ ದಶಕಗಟ್ಟಲೆ ಪಾಲಿಕೆ ಆಳಿದರು. ನೀವು ಒಂದು ಕನ್ನಡ ಪ್ಯಾನೆಲ್ ನಿಲ್ಲಿಸಲಿಲ್ಲ. ಮರಾಠಿ ನಗರಸೇವಕರ ಬಾಗಿಲು ಕಾಯುತ್ತೀರಿ."

ಸಮಿತಿ ಆಳಿದ್ದು ನಿಜ. ಮರಾಠಿ ಮೇಯರುಗಳು ಅದರಿಂದಲೇ ಬಂದರು, ಅದೂ ನಿಜ. ಆದರೆ ಆ ಆಳ್ವಿಕೆಯಿಂದ ಶಹಾಪುರದ, ವಡಗಾವಿಯ ಮರಾಠಿ ಮತದಾರನ ಮನೆಗೆ ಏನು ಬಂತು ಎಂದೂ ಕೇಳಬೇಕಲ್ಲ. 2005ರಲ್ಲಿ ಪಾಲಿಕೆ ಮಹಾರಾಷ್ಟ್ರ ಸೇರುವ ಠರಾವು ಮಾಡಿತು. ಮೇಯರ್ ವಿಜಯ ಮೋರೆ ಅವರ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿದರು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಗಡಿ ಒಂದು ಗೇಣೂ ಸರಿಯಲಿಲ್ಲ. ಮತದಾರ ಆರಿಸಿ ಕಳಿಸಿದ ಸದಸ್ಯ ಮಾತ್ರ ಮನೆಗೆ ಬಂದ. 2021ರ ಸೆಪ್ಟೆಂಬರಿನಲ್ಲಿ ಅದೇ ಊರಿನ 58 ವಾರ್ಡುಗಳಿಗೆ ಮೊದಲ ಸಲ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆದಾಗ ಬಿಜೆಪಿ 35 ಗೆದ್ದಿತು. ಸಮಿತಿಯ ಪಾಲಿಗೆ ಉಳಿದದ್ದು ಬೆರಳಿನಲ್ಲಿ ಎಣಿಸುವಷ್ಟು. ಸಮಿತಿಯನ್ನು ಇಳಿಸಿದ್ದು ಕನ್ನಡದವರ ಓಟಷ್ಟೇ ಅಲ್ಲ, ಮರಾಠಿ ಓಣಿಗಳೂ ಕೈಬಿಟ್ಟವು. ನೀವು ನಮಗೆ ಮಾದರಿ ಎಂದು ತೋರಿಸುವ ಮನೆಯನ್ನು ಅದರಲ್ಲಿದ್ದವರೇ ಖಾಲಿ ಮಾಡಿದ್ದಾರಲ್ಲ ಸ್ವಾಮಿ.

ಇನ್ನು "ಕನ್ನಡದವರು" ಎಂದು ನೀವು ಅಷ್ಟು ಸಲೀಸಾಗಿ ಕರೆಯುವ ಜನ ಯಾರು? ಸಾಂಗ್ಲಿ ಸಂಸ್ಥಾನಕ್ಕೆ ಶಿರಹಟ್ಟಿ, ತೇರದಾಳ, ನಿಮ್ಮ ಬೆಳಗಾವಿಯದೇ ಶಹಾಪುರ ಸೇರಿದ್ದವು. ಹಿರಿಯ ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರ. ಎರಡನ್ನೂ ಆಳಿದ ಪಟವರ್ಧನರ ದಫ್ತರಕ್ಕೆ ಅರ್ಜಿ ಹಿಡಿದು ಅಲ್ಲಿಂದ ಇಲ್ಲಿಗೆ ನಡೆದವರು ಎಷ್ಟೋ ಮಂದಿ, ಮರಳದೆ ಉಳಿದವರೂ ಎಷ್ಟೋ. ಆಮೇಲೆ ರೈಲು ತಂದ ಕೂಲಿಗಳು, ಅರಿಶಿನ ಪೇಟೆಯ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯಲು ಬಂದವರು, ವಿಜಯಪುರದ ಬರದಲ್ಲಿ ಬಂದವರು, ಅಥಣಿ-ಕಾಗವಾಡದಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ಲಿಂಗಾಯತರು, ಕುರುಬರು, ದಲಿತರು. ಅಡಿಗೆಮನೆಯಲ್ಲಿ ಕನ್ನಡ, ಪಡಸಾಲೆಯಲ್ಲಿ ಮರಾಠಿ ಮಾತಾಡುವ ಜೈನರು. ಇವರೆಲ್ಲರ ಕಷ್ಟ ಒಂದೇ ಅಲ್ಲ. ಅಡತಿಯವನಿಗೆ ಸೆಸ್ಸಿನ ಚಿಂತೆ. ಹಮಾಲನಿಗೆ ನಳದ ನೀರಿನದು. ಇಬ್ಬರಿಗೂ ಒಂದೇ ಚೀಟಿ ಹಂಚಿ "ಭಾಷೆಗಾಗಿ ಒತ್ತು" ಅಂದರೆ ಹಮಾಲ ಯಾಕೆ ಕೇಳಬೇಕು?

ಇನ್ನೊಂದನ್ನೂ ಹೇಳಿಬಿಡುತ್ತೇನೆ. 2022ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಜತ್ತ ತಾಲೂಕಿನ 40 ಹಳ್ಳಿಗಳು ಕರ್ನಾಟಕ ಸೇರುವ ಮಾತನ್ನು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಎತ್ತಿದರು. ಮುಂದಿನ ವಾರಗಳಲ್ಲಿ ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ, ಕಲ್ಲು. ನೀರಿಲ್ಲದ ಜತ್ತದ ರೈತ ನೀರು ಕೇಳಿದ್ದು ಗಡಿಯ ಜಗಳವಾಗಿ ಬೆಂಗಳೂರು-ಮುಂಬೈಗಳ ನಡುವೆ ಹಾರಾಡಿತು. ಮಿರಜಿನಲ್ಲಿ ಭಾಷೆಯ ಹೆಸರಿನ ಪ್ಯಾನೆಲ್ ನಿಂತರೆ ನಮ್ಮ ಗಟಾರಕ್ಕೂ ಅದೇ ಗತಿ. 2009ರ ಸೆಪ್ಟೆಂಬರಿನಲ್ಲಿ ಗಣೇಶೋತ್ಸವದ ಕಮಾನಿನ ಮೇಲಿನ ಒಂದು ಚಿತ್ರದಿಂದ ಹೊತ್ತಿಕೊಂಡ ಗಲಭೆ, ಕರ್ಫ್ಯೂ ನೋಡಿದ ಊರು ಇದು. ಇಲ್ಲಿಯವರಿಗೆ ಬೆನ್ನೆಲುಬಿಲ್ಲ ಎಂದು ನೂರು ಕಿಲೋಮೀಟರು ಆಚೆ ಕೂತು ಹೇಳುವುದು ಸುಲಭ.

ಮರಾಠಿ ನಗರಸೇವಕನ ಬಾಗಿಲು ಕಾಯುತ್ತೇವೆ ಎಂಬುದಕ್ಕೆ ನನ್ನ ತಕರಾರಿಲ್ಲ. ಕಾಯುತ್ತೇವೆ. ನಳ ಬಂದ್ ಆದಾಗ ಎದ್ದು ಬರುವವನ ಬಾಗಿಲನ್ನೇ ಕಾಯಬೇಕು.

ಎರಡನೆಯ ಗುಂಪು ಸಿನಿಕರದು. ಇವರು ಎರಡೂ ಊರಲ್ಲಿದ್ದಾರೆ. "ಎಲ್ಲ ಜಾತಿ, ಎಲ್ಲ ರೊಕ್ಕ. ಮಿಕ್ಕ ಮಾತು ಸುಳ್ಳು." ರೊಕ್ಕ ಓಡಾಡುವುದಿಲ್ಲ ಎಂದು ನಾನು ಹೇಳಿದರೆ ನನ್ನ ಹೆಂಡತಿಯೇ ನಗುತ್ತಾಳೆ. ಆದರೆ ಜಾತಿ-ರೊಕ್ಕವೇ ಎಲ್ಲವಾದರೆ ಊರು ಒಂದೇ ಕಡೆ ನಿಲ್ಲಬೇಕಿತ್ತು. ಐದು ವರ್ಷದಲ್ಲಿ ಜಾತಿಯೂ ಬದಲಾಗುವುದಿಲ್ಲ, ರೊಕ್ಕದವರೂ ಬದಲಾಗುವುದಿಲ್ಲ. ನಮ್ಮ ಪಾಲಿಕೆಯಲ್ಲಿ 2008ರಲ್ಲಿ ಮದನ ಪಾಟೀಲರ ಕಾಂಗ್ರೆಸ್ಸನ್ನು ರಾಷ್ಟ್ರವಾದಿ ಕಾಂಗ್ರೆಸ್ಸಿನ ಜಯಂತ ಪಾಟೀಲರು ಕಟ್ಟಿದ ಆಘಾಡಿ ಇಳಿಸಿತು. 2013ರಲ್ಲಿ ಅದೇ ಮತದಾರರು ಕಾಂಗ್ರೆಸ್ಸನ್ನು ಮರಳಿ ಕೂರಿಸಿದರು. 2018ರಲ್ಲಿ ಎರಡನ್ನೂ ಬಿಟ್ಟು ಬಿಜೆಪಿಗೆ 41 ಕೊಟ್ಟರು. ಕಾಂಗ್ರೆಸ್ಸಿಗೆ 20, ರಾಷ್ಟ್ರವಾದಿಗೆ 15, ಇತರರಿಗೆ 2. ಮೂರು ಚುನಾವಣೆ, ಮೂರು ಬೇರೆ ಉತ್ತರ. ಮಾರಿಕೊಂಡ ಊರು ಹೀಗೆ ಮಗ್ಗುಲು ಬದಲಿಸುವುದಿಲ್ಲ.

ಈಗ ಚಹಾದ ಅಂಗಡಿಯ ಸಿಟ್ಟು. ನನಗೆ ನಿಜವಾಗಿ ಉತ್ತರ ಕೊಡಬೇಕಾದದ್ದು ಇವರಿಗೆ. ಯಾಕೆಂದರೆ ಇವರು ದಡ್ಡರಲ್ಲ, ಇವರ ವಾದದಲ್ಲಿ ತೂಕವಿದೆ. ನಾನು ಹೇಳಿದ್ದು ಇಷ್ಟು: ನಾಲ್ಕು ಜನರ ಪ್ರಭಾಗ ಹೋಗಬೇಕು, ಒಂದು ವಾರ್ಡಿಗೆ ಒಬ್ಬರೇ ಇರಬೇಕು. ಕನ್ನಡದವರಿಗೆ ಬೇಕಾದದ್ದು ಕನ್ನಡ ಪಕ್ಷವಲ್ಲ, ಸಣ್ಣ ವಾರ್ಡು.

"ನಾಲ್ವರಿದ್ದರೆ ಒಬ್ಬರಾದರೂ ಬರುತ್ತಾರೆ," ಎಂದರು ಒಬ್ಬರು. ಕೇಳಲು ಚೆಂದ. ಆದರೆ ನಾಲ್ವರೂ ಇಡೀ ಪ್ರಭಾಗಕ್ಕೇ ಪ್ರತಿನಿಧಿಗಳು, ಓಣಿ ಹಂಚಿಕೆ ಕಾನೂನಿನಲ್ಲಿಲ್ಲ. ಒಂದು ಓಣಿಯಲ್ಲಿ ಗಟಾರ ತುಂಬಿ ಮನೆಯೊಳಗೆ ಬಂತೆನ್ನಿ. 'ಅ'ದವರು ಅದು 'ಕ'ದವರ ನಿಧಿಯ ಕೆಲಸ ಅನ್ನಬಹುದು. 'ಕ'ದವರು ನೀವು ನಮಗೆಲ್ಲಿ ಓಟು ಹಾಕಿದಿರಿ ಅನ್ನಬಹುದು. 'ಬ'ದ ಬಾಯಿಯವರ ಬದಲು ಅವರ ಯಜಮಾನರು ಫೋನು ಎತ್ತಬಹುದು. 'ಡ'ದವರು ಇರುವುದು ಪ್ರಭಾಗದ ಆ ತುದಿಗೆ. ಕೆಲಸ ಆದರೆ ನಾಲ್ಕು ಹೆಸರಿನ ಫಲಕ. ಆಗದಿದ್ದರೆ ಯಾರ ಹೆಸರೂ ಇಲ್ಲ. ಎರಡು ಮನೆಯ ನೆಂಟ ಉಪವಾಸ ಎಂದು ನಮ್ಮ ಹಿರಿಯರು ಅಂದದ್ದು ಸುಮ್ಮನಲ್ಲ, ಇಲ್ಲಿ ನಾಲ್ಕು ಮನೆ.

ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಈ ಮಹಾಪಾಲಿಕೆಯ ಜನಸಂಖ್ಯೆ 5,02,793. ಸ್ಥಾನ 78, ಪ್ರಭಾಗ 20. ಹದಿನೆಂಟರಲ್ಲಿ ನಾಲ್ಕು ನಾಲ್ಕು, ಎರಡರಲ್ಲಿ ಮೂರು ಮೂರು. ಅಂದರೆ ಒಂದು ಪ್ರಭಾಗಕ್ಕೆ ಸುಮಾರು 25,000 ಜನ. 78 ವಾರ್ಡು ಮಾಡಿದ್ದರೆ ತಲಾ 6,500ರ ಒಳಗೆ. 25,000 ಜನರ ಮನೆ ಹತ್ತಿಳಿಯಲು ಪಕ್ಷ ಬೇಕು, ಜೀಪು ಬೇಕು, ಫ್ಲೆಕ್ಸು ಬೇಕು. 6,500 ಜನರ ವಾರ್ಡಿನಲ್ಲಿ ಸೈಕಲ್ ಅಂಗಡಿಯವನೂ ನಿಲ್ಲಬಹುದು. ಅವನ ಅಪ್ಪ ಯಾರು, ಸಾಲ ಎಷ್ಟು ಎಂಬುದು ಎಲ್ಲರಿಗೂ ಗೊತ್ತು.

ಇದರೊಳಗೆ ಕನ್ನಡದ ಲೆಕ್ಕ ಹೇಗೆ ಬರುತ್ತದೆ? ಒಂದು ಪ್ರಭಾಗದಲ್ಲಿ 12,000 ಓಟು ಬಿದ್ದವೆನ್ನಿ, ಅದರಲ್ಲಿ ಕನ್ನಡ ಮನೆಗಳವು 600. ನೂರಕ್ಕೆ ಐದು. ಐದರ ಸಲುವಾಗಿ ಯಾವ ಉಮೇದುವಾರ ಕನ್ನಡ ಕಲಿಯುತ್ತಾನೆ? ಅದೇ ಪ್ರಭಾಗವನ್ನು ನಾಲ್ಕು ವಾರ್ಡಾಗಿ ಒಡೆಯಿರಿ. ಆ 600ರಲ್ಲಿ 500 ಎರಡೇ ಗಲ್ಲಿಗಳಲ್ಲಿದ್ದರೆ, 3,000 ಓಟಿನ ವಾರ್ಡಿನಲ್ಲಿ ಅದು ಆರರಲ್ಲಿ ಒಂದು ಪಾಲು. ಗೆಲುವಿನ ಅಂತರ ಇನ್ನೂರು-ಮುನ್ನೂರಾಗುವ ಕಡೆ ಯಾವ ಪಾಟೀಲರೂ, ಯಾವ ಬಾಗವಾನರೂ ಆ ಎರಡು ಗಲ್ಲಿಗೆ ಬಂದು "ಯಾಕ್ರೀ ಅಕ್ಕಾರ, ನೀರು ಬಂತೇನ್ರಿ?" ಎನ್ನದೆ ಹೋಗಲಾರರು. ಗೆಲ್ಲುವವನು ಕನ್ನಡದವನೇ ಆಗಬೇಕಿಲ್ಲ. ಗೆಲ್ಲಬೇಕಾದರೆ ಕನ್ನಡ ಕೇಳಿಸಿಕೊಳ್ಳಬೇಕು. ನನ್ನ ಬೇಡಿಕೆ ಅಷ್ಟೇ. ಮಿರಜಿನ ದವಾಖಾನೆಗಳು ಇದನ್ನು ಯಾವ ಪಕ್ಷ ಹೇಳುವ ಮೊದಲೇ ಕಲಿತಿವೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ರೋಗಿಗಳು ರೈಲಿಳಿದು ಬರುತ್ತಾರೆ ಎಂದು ಕನ್ನಡದಲ್ಲಿ ಬೋರ್ಡು ಹಾಕುತ್ತವೆ, ಕನ್ನಡ ಬಲ್ಲ ಸಿಸ್ಟರುಗಳನ್ನು ಇಟ್ಟುಕೊಳ್ಳುತ್ತವೆ. ಭಾಷಾಭಿಮಾನವಲ್ಲ, ಗಿರಾಕಿಯ ಲೆಕ್ಕ. ಓಟಿನಲ್ಲೂ ಅದೇ ಲೆಕ್ಕ ನಡೆಯಲಿ.

ಇದು ನನ್ನ ತಲೆಯಲ್ಲೇ ಹುಟ್ಟಿದ ಗಣಿತ ಎಂದು ಯಾರಾದರೂ ಅಂದರೆ ಅಮೆರಿಕದ ಯಾಕಿಮಾ ಊರನ್ನು ತೋರಿಸುತ್ತೇನೆ. ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳ ನಡುವಿನ ಪಟ್ಟಣ. ಹಣ್ಣು ಕೀಳಲು ಬಂದು ನೆಲೆ ನಿಂತ ಲ್ಯಾಟಿನೊ ಜನ ಊರಿನಲ್ಲಿ ಐದಕ್ಕೆ ಎರಡು ಪಾಲಿನಷ್ಟು. ಆದರೂ ನಗರಸಭೆಯ ಏಳು ಸ್ಥಾನಗಳಿಗೆ ಅವರಲ್ಲಿ ಒಬ್ಬರೂ ಓಟಿನಿಂದ ಗೆದ್ದಿರಲಿಲ್ಲ. ಯಾಕೆಂದರೆ ಅಂತಿಮ ಸುತ್ತಿನಲ್ಲಿ ಪ್ರತಿ ಸ್ಥಾನಕ್ಕೂ ಇಡೀ ಊರೇ ಓಟು ಹಾಕುತ್ತಿತ್ತು. ಬಹುಸಂಖ್ಯೆಯವರು ಒಂದು ಸ್ಥಾನ ಗೆದ್ದರೆ ಏಳನ್ನೂ ಗೆದ್ದಂತೆ. 2014ರಲ್ಲಿ ಫೆಡರಲ್ ಕೋರ್ಟು ಈ ಪದ್ಧತಿ ಅವರ ಓಟನ್ನು ತೆಳುಗೊಳಿಸುತ್ತದೆ ಎಂದು ಹೇಳಿ ಏಳು ವಾರ್ಡು ಮಾಡಿಸಿತು. 2015ರಲ್ಲಿ ಮೂವರು ಲ್ಯಾಟಿನಾ ಹೆಣ್ಣುಮಕ್ಕಳು ಗೆದ್ದರು. ಜನ ಅವರೇ, ಊರು ಅದೇ, ಗೆರೆ ಮಾತ್ರ ಬೇರೆ. ನಮ್ಮ ನಾಲ್ಕು ಬಟನ್ನೂ ಅದೇ ಜಾತಿಯದು: ನೂರರಲ್ಲಿ ಐವತ್ತೈದು ಜನ ಒಂದೇ ಚಿಹ್ನೆಗೆ ನಾಲ್ಕೂ ಸಲ ಒತ್ತಿದರೆ ಉಳಿದ ನಲವತ್ತೈದರ ಪಾಲಿಗೆ ಸೊನ್ನೆ. ಯಾಕಿಮಾದಲ್ಲಿ ಅವರು ಊರಿನ ಪೂರ್ವಕ್ಕೆ ಒಟ್ಟಾಗಿ ಇದ್ದರು, ನಾವು ಚದುರಿದ್ದೇವೆ. ಈ ವ್ಯತ್ಯಾಸ ನನಗೆ ಗೊತ್ತು. ಆದ್ದರಿಂದಲೇ ಕನ್ನಡ ನಗರಸೇವಕ ಬರುತ್ತಾನೆ ಎಂದು ನಾನು ಆಸೆ ಹುಟ್ಟಿಸುತ್ತಿಲ್ಲ.

"ಮಹಿಳೆಯರಿಗೆ, ಹಿಂದುಳಿದವರಿಗೆ ನಾಲ್ಕರ ಪದ್ಧತಿಯೇ ಒಳ್ಳೆಯದು" ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ. ನಾಲ್ಕರ ಪ್ರಭಾಗದಲ್ಲಿ ಪ್ರತಿಯೊಂದರಲ್ಲೂ ಇಬ್ಬರು ಖಾತ್ರಿ. ಒಬ್ಬರ ವಾರ್ಡಾದರೆ ಮೀಸಲಾತಿ ಸುತ್ತುತ್ತದೆ. ಐದು ವರ್ಷ ಓಣಿ ಓಣಿ ತಿರುಗಿ ಕೆಲಸ ಮಾಡಿದವಳ ವಾರ್ಡು ಮುಂದಿನ ಸಲ ಚೀಟಿ ಎತ್ತುವಾಗ ಕೈತಪ್ಪಬಹುದು. ಇದು ದೊಡ್ಡ ದೋಷ, ಇದಕ್ಕೆ ಮದ್ದು ನನ್ನ ಬಳಿ ಇಲ್ಲ. ಆದರೂ ಮುಂಬೈಯ 227 ವಾರ್ಡುಗಳಲ್ಲಿ ತಲಾ ಒಬ್ಬರೇ ಇದ್ದಾರೆ, ಅಲ್ಲೂ ಅರ್ಧ ಹೆಣ್ಣುಮಕ್ಕಳೇ. ರಾಜಧಾನಿಗೆ ಒಪ್ಪುವುದು ಮಿರಜಿಗೆ ಯಾಕೆ ಒಪ್ಪಬಾರದು?

ಪದ್ಧತಿ ನಮ್ಮ ಹಿತಕ್ಕೆ ಆರಿಸಿದ್ದೂ ಅಲ್ಲ. 2007ರ ಸುತ್ತಿನ ಪಾಲಿಕೆ ಚುನಾವಣೆಗಳಲ್ಲಿ ರಾಜ್ಯದಲ್ಲಿ ವಾರ್ಡಿಗೊಬ್ಬರು, 2012ರ ಸುತ್ತಿನಲ್ಲಿ ಇಬ್ಬರು, 2017ರ ಸುತ್ತಿನಲ್ಲಿ ನಾಲ್ವರು. 2019ರಲ್ಲಿ ಸರ್ಕಾರ ಬದಲಾಯಿತು, ಮತ್ತೆ ಒಬ್ಬರು ಎಂದರು. 2021ರಲ್ಲಿ ಮೂವರು ಎಂದರು. 2022ರಲ್ಲಿ ಸರ್ಕಾರ ಇನ್ನೊಮ್ಮೆ ಬದಲಾಗಿ ನಾಲ್ವರಿಗೇ ಮರಳಿತು. ಯಾರಿಗೆ ಯಾವಾಗ ಯಾವ ಅಳತೆ ಲಾಭವೋ ಆಗ ಆ ಅಂಗಿ.

ಮತ್ತೊಬ್ಬರು ಸ್ಥಿರತೆಯ ಮಾತು ಎತ್ತಿದರು. ಪ್ಯಾನೆಲ್ಲಿನಿಂದ ಪಕ್ಷಕ್ಕೆ ಗಟ್ಟಿ ಬಹುಮತ ಬರುತ್ತದೆ, ಪಾಲಿಕೆ ಅಲ್ಲಾಡುವುದಿಲ್ಲ ಎಂದು. ಸಾಂಗ್ಲಿಯಲ್ಲೇ ಇದ್ದು ಈ ಮಾತಾಡಲು ಧೈರ್ಯ ಬೇಕು! 41 ಸ್ಥಾನದ ಬಿಜೆಪಿ 2021ರ ಫೆಬ್ರುವರಿಯಲ್ಲಿ ಮೇಯರ್ ಗಾದಿ ಕಳೆದುಕೊಂಡಿತು. ಅದರದೇ ಕೆಲವರು ಆ ಕಡೆ ಕೈ ಎತ್ತಿದರು, ಕೆಲವರು ಬರಲೇ ಇಲ್ಲ. 15 ಸ್ಥಾನದ ರಾಷ್ಟ್ರವಾದಿಯ ದಿಗ್ವಿಜಯ ಸೂರ್ಯವಂಶಿ 39-36ರಿಂದ ಮೇಯರ್ ಆದರು. ಓಣಿಯ ಮತದಾರ ನಾಲ್ಕು ಸಲ ಒಂದೇ ಚಿಹ್ನೆ ಒತ್ತಿ ಕೊಟ್ಟ ಬಹುಮತವನ್ನು ಒಳಗಿದ್ದವರು ಒಂದು ಮಧ್ಯಾಹ್ನದಲ್ಲಿ ಬಿಚ್ಚಿದರು. ಆ ಕೆಲವರ ಓಣಿ ಯಾವುದು, ಯಾರಿಗೆ ಹೋಗಿ ಕೇಳಬೇಕು? 25,000 ಜನರ ನಡುವೆ ಮುಖ ಮರೆಸಿಕೊಳ್ಳುವುದು ಸುಲಭ. 6,500ರ ನಡುವೆ ಮರುದಿನ ಹಾಲಿನ ಅಂಗಡಿಗೆ ಹೋಗಲೂ ಆಗುತ್ತಿರಲಿಲ್ಲ.

ಕೊನೆಗೆ ಉಳಿದವರು ನಿವೃತ್ತ ಸರ್ಕಾರಿ ನೌಕರರು. ಇವರ ವಾದ ಚಿಕ್ಕದು: ನಗರಸೇವಕರೇ ಬೇಡ. 2023ರ ಆಗಸ್ಟಿನಲ್ಲಿ ಹಳೆಯ ಸಭೆಯ ಅವಧಿ ಮುಗಿಯಿತು; ಓಬಿಸಿ ಮೀಸಲಾತಿಯ ಮೊಕದ್ದಮೆ, ಪ್ರಭಾಗ ರಚನೆಯ ಜಗ್ಗಾಟದಲ್ಲಿ ಚುನಾವಣೆ ನಿಂತಿತು; ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಗದರಿದ ಮೇಲೆ 2026ರ ಜನವರಿಗೆ ಬಂತು. ನಡುವೆ ಎರಡು ವರ್ಷಕ್ಕೂ ಹೆಚ್ಚು ಆಡಳಿತಾಧಿಕಾರಿಯ ರಾಜ್ಯ. "ಏನು ಕೆಟ್ಟಿತು? ರಸ್ತೆ ಆಯಿತು, ಘರಪಟ್ಟಿ ವಸೂಲಾಯಿತು," ಎನ್ನುತ್ತಾರೆ. ವಸೂಲಿ ಆಗಿದ್ದೀತು. ಆದರೆ ಕೃಷ್ಣಾ ನದಿ ಏರುವ ಊರಿನಲ್ಲಿ ಇದನ್ನು ಹೇಳಬಾರದು. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತು. ಯಾವ ಮನೆಯ ಮಾಳಿಗೆಯ ಮೇಲೆ ಬಾಣಂತಿ ಇದ್ದಾಳೆ, ಯಾವ ಅಜ್ಜ ಮನೆ ಬಿಟ್ಟು ಬರಲಾರೆ ಎನ್ನುತ್ತಿದ್ದಾನೆ ಎಂಬುದು ದಫ್ತರದಲ್ಲಿ ಬರೆದಿರುವುದಿಲ್ಲ. ಬದಲಿಯಾಗಿ ಬಂದ ಅಧಿಕಾರಿ ಎಷ್ಟೇ ಒಳ್ಳೆಯವನಾದರೂ ಬೇರೆ ಜಿಲ್ಲೆಗೆ ಹೋಗುವವನೇ. ಓಣಿಯವನು ಅಲ್ಲೇ ಇರುತ್ತಾನೆ, ಅವನ ಮನೆಗೂ ನೀರು ಹೊಕ್ಕಿರುತ್ತದೆ.

"ಹಾಗಾದರೆ ಕನ್ನಡಕ್ಕೇನು ಸಿಕ್ಕಿತು?" ಎಂದು ಬೆಳಗಾವಿಯ ಗೆಳೆಯರು ಮತ್ತೆ ಕೇಳುತ್ತಾರೆಂದು ಗೊತ್ತು. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕೆ ಮೇಲಿರುವ ಕಡೆ ಮುಖ್ಯ ನೋಟಿಸುಗಳು ಅವರ ಭಾಷೆಯಲ್ಲೂ ಬರಬೇಕು ಎಂಬ ಸೂತ್ರವನ್ನು ಎಲ್ಲ ರಾಜ್ಯಗಳೂ 1960ರ ದಶಕದ ಆರಂಭದಲ್ಲೇ ಒಪ್ಪಿವೆ. ಅದನ್ನು ಎತ್ತಿ ಹಿಡಿದು ಕೇಳಲು ಸಭೆಯಲ್ಲಿ ಒಬ್ಬ ಮರಾಠಿ ನಗರಸೇವಕ ಸಾಕು, ನಮ್ಮ ಗಲ್ಲಿಯ ಓಟಿಲ್ಲದೆ ಅವನು ಗೆಲ್ಲುವಂತಿರಬಾರದು ಅಷ್ಟೇ. ಸಾಂಗ್ಲಿಗೆ ಕನ್ನಡ ಹೊರಗಿನದೂ ಅಲ್ಲ. ಹೊನ್ನಾವರದ ಬಳಿಯ ಕರ್ಕಿಯಿಂದ ಬಂದ ಭಾಗವತ ಮೇಳದ ಆಟ ನೋಡಿ ಇಲ್ಲಿಯ ರಾಜರು ಅಂಥದ್ದು ಮರಾಠಿಯಲ್ಲೂ ಆಗಲಿ ಎಂದರು, ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು. ಮರಾಠಿಯವರು ಪ್ರತಿ ನವೆಂಬರ್ 5ರಂದು ರಂಗಭೂಮಿ ದಿನ ಆಚರಿಸುವುದು ಅದರ ನೆನಪಿಗೆ. ಕರ್ಕಿಯ ಮೇಳದವರು ಇಲ್ಲಿ ಯಾವ ಪ್ಯಾನೆಲ್ಲನ್ನೂ ನಿಲ್ಲಿಸಿರಲಿಲ್ಲ.

ಆ ದಿನ ಓಟು ಹಾಕಿ ಹೊರಗೆ ಬಂದಾಗ ಅಜ್ಜಿ ಗೇಟಿನ ಬಳಿ ಕಟ್ಟೆಯ ಮೇಲೆ ಕೂತಿದ್ದಳು. ನಾಲ್ಕೂ ಒತ್ತಿದ್ದಳಂತೆ. ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ಕುಸುರೆಳ್ಳು ನನ್ನ ಕೈಗೆ ಹಾಕಿ ಕೇಳಿದಳು: "ಬಿಳೀದರಾಗಿನಾಂವ ನಮ್ಮ ಓಣಿಯಾಂವ, ಗೊತ್ತೈತಿ. ಆ ಹಳದೀದರಾಗ ಯಾರಿದ್ರಪಾ?"

ನಾನೂ ಒತ್ತಿ ಬಂದು ಐದು ನಿಮಿಷ ಆಗಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಚಿಹ್ನೆ ಕಣ್ಣಿಗೆ ಬಂತೇ ಹೊರತು ಹೆಸರು ಬರಲಿಲ್ಲ.